ಕುಟ್ಟಪ್ಪನ ಮೂರು ಪೆಟ್ಟಿಗೆಗಳು

ದಮಯಂತಿಗೆ ಡಾಕ್ಟರು ಬರೆದುಕೊಟ್ಟ ಮೊದಲ ಔಷಧಿ ಎಂದರೆ ಸುಮ್ಮನೆ ಮಲಗಿರುವುದು. ಸೂಜಿಮದ್ದು ಆಮೇಲೆ, ಮಾತ್ರೆ ಆಮೇಲೆ. ಕಡಿಮೆಯೆಂದರೂ ಆರು ತಿಂಗಳು ಹಾಸಿಗೆ ಬಿಟ್ಟು ಏಳಬಾರದು, ಹೊಲಿಗೆ ಹಾಕಬಾರದು, ಪುಸ್ತಕ ಹಿಡಿದು ತೋಳು ದಣಿಸಬಾರದು, ಜೋರಾಗಿ ಮಾತಾಡಲೂಬಾರದು. ಕರಿಕೆಯ ಶಾಲೆಯಲ್ಲಿ ನಲವತ್ತು ಮಕ್ಕಳಿಗೆ ಒಬ್ಬಳೇ ಪಾಠ ಹೇಳುತ್ತಿದ್ದ ಇಪ್ಪತ್ನಾಲ್ಕು ವರ್ಷದ ಹೆಣ್ಣಿಗೆ ಕ್ಷಯರೋಗಕ್ಕಿಂತ ಈ ಪಥ್ಯವೇ ಕಷ್ಟವಾಯಿತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಅವಳನ್ನು ಸೇರಿಸಿದ ಆಸ್ಪತ್ರೆ ಇದ್ದದ್ದು ಮಡಿಕೇರಿಯಿಂದ ಚೆಟ್ಟಳ್ಳಿಗೆ ಹೋಗುವ ದಾರಿಯಲ್ಲಿ, ಒಬ್ಬ ಬಿಳಿಯ ದೊರೆ ಬಿಟ್ಟುಹೋಗಿದ್ದ ಎಸ್ಟೇಟ್ ಬಂಗಲೆಯಲ್ಲಿ. ಬಂಗಲೆಯೊಳಗೆ ಸಾಮಾನ್ಯ ವಾರ್ಡುಗಳು. ಅಂಗಳದಾಚೆ, ಅರವತ್ತು ಗಜ ದೂರದಲ್ಲಿ, ಒಂದು ಕಾಲಕ್ಕೆ ಕುದುರೆ ಲಾಯವಾಗಿದ್ದ ಉದ್ದನೆಯ ಕಟ್ಟಡದಲ್ಲಿ ಕ್ಷಯದವರ ಕೋಣೆಗಳು. ನಡುವೆ ಸುಣ್ಣ ಬಳಿದ ಕಲ್ಲುಗಳ ಒಂದು ಸಾಲು. ಬಂದವರು ಆ ಕಲ್ಲುಗಳ ಹತ್ತಿರ ನಿಂತು ಮಾತಾಡಿ ಹೋಗಬೇಕು. ದಮಯಂತಿಯ ತಂದೆ ಪದ್ಮಯ್ಯ ತಿಂಗಳಿಗೊಮ್ಮೆ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ಕಲ್ಲುಗಳ ಆಚೆ ನಿಂತು, ಮಗಳ ಕಿಟಕಿಯ ಕಡೆಗೆ ನೋಡಿ, ದನ ಕರು ಹಾಕಿದ್ದು, ಏಲಕ್ಕಿ ಕೊಯ್ದದ್ದು ಎಲ್ಲ ಹೇಳಿ, ಹೇಳುವುದು ಮುಗಿದ ಮೇಲೂ ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದರು. ಅವಳ ತಟ್ಟೆ ಲೋಟಗಳಿಗೆ ಕೆಂಪು ಬಣ್ಣದ ಗುರುತು ಇತ್ತು. ಆಯಾ ಮಾರಿ ಗಂಜಿ ಇಟ್ಟವಳೇ ಬಾಗಿಲು ದಾಟಿಬಿಡುತ್ತಿದ್ದಳು. ಯಾರೂ ಕೆಟ್ಟವರಲ್ಲ. ಎಲ್ಲರಿಗೂ ಹೆದರಿಕೆ, ಅಷ್ಟೆ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅವಳ ಕೋಣೆಯ ಬಲ್ಬಿನ ಹೋಲ್ಡರ್ ಬದಲಾಯಿಸಲು ಕುಟ್ಟಪ್ಪ ಬಂದ. ಆಸ್ಪತ್ರೆಯ ಡೀಸೆಲ್ ಇಂಜಿನ್, ನೀರಿನ ಪಂಪು, ತಂತಿಗಳೆಲ್ಲ ಅವನ ಸುಪರ್ದಿಯಲ್ಲಿದ್ದವು. ಐವತ್ತರ ಮನುಷ್ಯ. ಯುದ್ಧಕಾಲದಲ್ಲಿ ಸೈನ್ಯದ ಸಿಗ್ನಲ್ಸ್ ಪಡೆಯಲ್ಲಿದ್ದು, ಬರ್ಮಾದ ಕಾಡಿನಲ್ಲಿ ಟೆಲಿಫೋನ್ ತಂತಿ ಎಳೆದು ಬಂದವನು. ಏಣಿಯ ಮೇಲೆ ನಿಂತವನಿಗೆ ಕೆಳಗಿನ ಹಾಸಿಗೆ ಪೂರ್ತಿ ಕಂಡಿತು. ಆ ಹುಡುಗಿ ಜ್ವರದ ಚಾರ್ಟಿನ ಹಿಂಬದಿಗೆ ಪೆನ್ಸಿಲಿನಲ್ಲಿ ಹುಲಿ-ಕುರಿ ಆಟದ ಗೆರೆಗಳನ್ನು ಎಳೆದು, ಅದನ್ನು ಎದೆಯ ಮೇಲಿಟ್ಟುಕೊಂಡಿದ್ದಳು. ಮೂರು ಹುಣಸೆಬೀಜ ಹುಲಿಗಳು, ಹದಿನೈದು ಅಕ್ಕಿಕಾಳು ಕುರಿಗಳು. ಹುಲಿ ಕುರಿಯ ಮೇಲಿಂದ ನೆಗೆದು ತಿನ್ನಬೇಕು, ಕುರಿಗಳು ಸುತ್ತುಗಟ್ಟಿ ಹುಲಿಯನ್ನು ಅಲುಗದಂತೆ ಮಾಡಬೇಕು. ಎರಡೂ ಕಡೆ ಅವಳೇ ಆಡುತ್ತಿದ್ದಳು.

ಕುಟ್ಟಪ್ಪ ಹೋಲ್ಡರ್ ಬಿಗಿಮಾಡುತ್ತಲೇ ಕೇಳಿದ, "ಯಾರ್ ಗೆದ್ದದ್?"

"ನಾನೇ," ಎಂದಳು ದಮಯಂತಿ. ತನ್ನ ಮನೆಯ ಅರೆಭಾಷೆ ಕಿವಿಗೆ ಬಿದ್ದು ಎಷ್ಟೋ ವಾರಗಳಾಗಿದ್ದವು.

"ಸೋತದ್?"

"ಅದೂ ನಾನೇ."

ಅಷ್ಟರಲ್ಲಿ ಅವಳಿಗೆ ಕೆಮ್ಮು ಬಂತು. ಹುಲಿಯೂ ಕುರಿಯೂ ಒಟ್ಟಿಗೆ ಹೊದಿಕೆಯೊಳಗೆ ಸೇರಿಹೋದವು. ಕುಟ್ಟಪ್ಪ ಏಣಿ ಇಳಿದು, ಅದನ್ನು ಮಡಚಿ ಹೆಗಲಿಗಿಟ್ಟು ಹೋದ.

ನಾಲ್ಕು ದಿನದ ಮೇಲೆ ಮತ್ತೆ ಬಂದಾಗ ಅವನ ಕಂಕುಳಲ್ಲಿ ಒಂದು ಪೆಟ್ಟಿಗೆ ಇತ್ತು. ಹಲಸಿನ ಹಲಗೆಯ, ಅಂಗೈ ದಪ್ಪದ ಚಪ್ಪಟೆ ಪೆಟ್ಟಿಗೆ. ಮುಖದ ಮೇಲೆ ಗೆರೆಗಳನ್ನು ಕೊರೆದು, ಗೆರೆಗಳು ಕೂಡುವ ಇಪ್ಪತ್ಮೂರು ಮನೆಗಳಲ್ಲೂ ತೂತು ಮಾಡಿದ್ದ. ಕಾಫಿ ಗಿಡದ ಕಡ್ಡಿಯಲ್ಲಿ ಕೆತ್ತಿದ ಹದಿನೆಂಟು ಗೂಟಗಳು ಒಳಗಿದ್ದವು. ಮಂಚದ ತಲೆಗೂ ಕಾಲಿಗೂ ಒಂದು ತಂತಿ ಬಿಗಿದು ಅದಕ್ಕೆ ಪೆಟ್ಟಿಗೆಯನ್ನು ತೂಗುಹಾಕಿದ. ಮಲಗಿದವಳ ಕಣ್ಣಿನ ನೇರಕ್ಕೆ ಆಟ ನಿಂತಿತು. ಕೆಮ್ಮಿದರೆ ಚೆಲ್ಲುವುದಿಲ್ಲ, ತಲೆ ಎತ್ತಬೇಕಾಗಿಲ್ಲ.

"ಈಗ ನಿನ್ನ ಕುರಿಗ ಓಡಿಹೋಕೆ ಇಲ್ಲೆ," ಎಂದ ಕುಟ್ಟಪ್ಪ.

ಆ ಸಂಜೆ ದಮಯಂತಿ ನರ್ಸ್ ಪೂವಮ್ಮನ ಹತ್ತಿರ ಇನ್ನೊಂದು ಸೌಟು ಗಂಜಿ ಕೇಳಿದಳು. ಬಾಳೆಲೆ ಊರಿನ ಕಡೆಯ ಪೂವಮ್ಮ ಸುಮ್ಮನೆ ಯಾವುದನ್ನೂ ನಂಬುವ ಹೆಂಗಸಲ್ಲ. ಸೌಟು ಹಿಡಿದೇ ಅವಳ ಹಣೆ ಮುಟ್ಟಿ, ಜ್ವರ ಏರಿದೆಯೇ ಎಂದು ನೋಡಿದಳು.

ಒಂದು ತಿಂಗಳು ಹೋಯಿತು. ತನ್ನ ಜೊತೆ ತಾನೇ ಆಡುವುದು ಎಷ್ಟು ದಿನ ನಡೆದೀತು? ಹುಲಿಯಾಗಿ ಹೂಡಿದ ಸಂಚು ಕುರಿಗೆ ಮೊದಲೇ ಗೊತ್ತಿರುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ, ಆದರೆ ಪಂಪು ನೋಡಲು ಆ ಕಡೆ ಬಂದ ಕುಟ್ಟಪ್ಪ ಕಿಟಕಿಯಿಂದ ಇಣುಕಿದಾಗಲೆಲ್ಲ ಗೂಟಗಳು ಮೊನ್ನೆ ಇದ್ದಲ್ಲೇ ಇರುವುದನ್ನು ಕಂಡ. ದೀಪಾವಳಿ ಕಳೆದ ವಾರ ಎರಡನೆಯ ಪೆಟ್ಟಿಗೆ ಬಂತು.

ಇದರಲ್ಲಿ ತೂತುಗಳ ಬದಲು ಹಿತ್ತಾಳೆಯ ಮೊಳೆಗಳಿದ್ದವು. ಮೇಲ್ಗಡೆ ಎರಡು ಟಾರ್ಚ್ ಬಲ್ಬುಗಳು, ಒಂದು ಬಿಳಿ, ಇನ್ನೊಂದಕ್ಕೆ ಕೆಂಪು ವಾರ್ನಿಶ್. ಬದಿಯಿಂದ ಒಂದು ವಯರು ಹೊರಬಂದು, ಅದರ ತುದಿಯಲ್ಲಿ ಹಳೆಯ ಪೆನ್ನಿನ ನಿಬ್ಬು. ಪೆಟ್ಟಿಗೆಯ ಬೆನ್ನಿಗೆ ಒಂದು ಮುಚ್ಚಳ, ಮುಚ್ಚಳಕ್ಕೆ ಬೀಗ.

"ಇದ್ರೊಳಗೆ ಒಂದ್ ದಾರಿ ಉಟ್ಟು," ಎಂದ ಕುಟ್ಟಪ್ಪ. "ಕೆಳಗಿನ ಮೊಳೆ ಕುರಿ. ಮೇಲಿನದ್ ಕೊಟ್ಟಿಗೆ. ನಿಬ್ಬಿಂದ ಒಂದೊಂದೇ ಮೊಳೆ ಮುಟ್ಟಿಕಂಡ್ ಹೋಗ್. ಸರಿ ದಾರಿ ಆದರೆ ಬಿಳಿ. ಹುಲಿ ಇರುವ ಕಡೆ ಹೋದರೆ ಕೆಂಪು. ಮೂರು ಕೆಂಪು ಆದರೆ ಕುರಿ ಹೋತ್."

"ಹುಲಿ ಎಲ್ಲಿ ಉಟ್ಟು?"

"ನಂಗೆ ಗೊತ್ತುಟ್ಟು. ನಿಂಗೆ ಗೊತ್ಲೆ. ಆಟ ಅದೇ."

ಅವಳು ಕುರಿಯ ಪಕ್ಕದ ಮೊಳೆ ಮುಟ್ಟಿದಳು. ಬಿಳಿ ಬಲ್ಬು ಬೆಳಗಿತು. ಎಡಗಡೆಯದನ್ನು ಮುಟ್ಟಿದಳು. ಕೆಂಪು ಬಲ್ಬು ಹೊತ್ತಿ, ಒಳಗೆಲ್ಲೋ ಗುರ್ ಎಂದಿತು. ದಮಯಂತಿಯ ಕೈ ತಾನಾಗಿ ಹಿಂದೆ ಸರಿಯಿತು. ಆಮೇಲೆ ನಕ್ಕಳು. ಮೊದಲ ಪೆಟ್ಟಿಗೆಯಲ್ಲಿ ಆಟವೆಲ್ಲ ಇದ್ದದ್ದು ಅವಳ ತಲೆಯೊಳಗೇ, ಹಲಗೆ ಅದನ್ನು ಹಿಡಿದು ನಿಂತಿತ್ತು ಅಷ್ಟೆ. ಈ ಪೆಟ್ಟಿಗೆಗೆ ಅವಳಿಗೆ ಗೊತ್ತಿಲ್ಲದ್ದೊಂದು ಗೊತ್ತಿತ್ತು, ಕೇಳಿದರೆ ಉತ್ತರವನ್ನೂ ಕೊಡುತ್ತಿತ್ತು. ಒಂದು ಹಲಸಿನ ಹಲಗೆ ಎರಡೇ ತಿಂಗಳಲ್ಲಿ ಇಷ್ಟು ದೂರ ಬಂದದ್ದು ಅವಳಿಗೆ ನಂಬಲಾಗಲಿಲ್ಲ. ದಿನಾ ಬೆಳಿಗ್ಗೆ ಇಂಜಿನ್ ಕೆಲಸಕ್ಕೆ ಹೋಗುವ ಮೊದಲು ಕುಟ್ಟಪ್ಪ ಬಂದು, ಬೆನ್ನಿನ ಮುಚ್ಚಳ ತೆಗೆದು, ಅವಳಿಗೆ ಕಾಣದಂತೆ ವಯರುಗಳನ್ನು ಅದಲುಬದಲು ಮಾಡಿ ಹೋಗುತ್ತಿದ್ದ. ಬೆಳಗಾದರೆ ಹೊಸ ದಾರಿ, ಹೊಸ ಹುಲಿ.

ತೊಂದರೆ ಮಾಡಿದ್ದು ನಾಡಿ. ಪೂವಮ್ಮ ಮಧ್ಯಾಹ್ನದ ನಾಡಿ ಎಣಿಸಿ ಹುಬ್ಬು ಗಂಟಿಕ್ಕಿದಳು.

"ತೊಂಬತ್ತಾರು. ಡಾಕ್ಟರಿಗೆ ನಾನು ಎಂಥ ಹೇಳ್ಲಿ? ಹುಲಿ ಹಿಡೀಲಿಕ್ಕೆ ಹೋಗಿತ್ತು ಅಂತ ಹೇಳ್ಲಾ?"

ಪೂರ್ಣ ವಿಶ್ರಾಂತಿ ಎಂದರೆ ಪೂರ್ಣ ವಿಶ್ರಾಂತಿ ಎಂದರು ಡಾಕ್ಟರು. ಪೆಟ್ಟಿಗೆ ಒಂದು ವಾರ ಔಷಧಿ ಕೋಣೆಯ ಕಪಾಟಿನಲ್ಲಿ ಕೂತಿತು. ಆ ವಾರ ದಮಯಂತಿ ಗೋಡೆಗೆ ಮುಖಮಾಡಿ ಮಲಗಿದಳು, ಗಂಜಿ ತಟ್ಟೆಯಲ್ಲೇ ಉಳಿಯಿತು. ಏಳನೆಯ ದಿನ ಪೂವಮ್ಮ ನಾಡಿಯ ಚಾರ್ಟು ಹಿಡಿದು ಡಾಕ್ಟರ ಮುಂದೆ ನಿಂತಳು. ಪೆಟ್ಟಿಗೆ ಇಲ್ಲದೆಯೂ ನಾಡಿ ತೊಂಬತ್ತೆಂಟು. ತೂಕ ಒಂದೂವರೆ ಪೌಂಡು ಇಳಿದಿತ್ತು. ಡಾಕ್ಟರು ಚಾರ್ಟನ್ನು ಎರಡು ಸಲ ನೋಡಿ, ಕಪಾಟಿನ ಬೀಗದಕೈ ಕೊಟ್ಟರು. ದಿನಕ್ಕೆ ಅರ್ಧ ಗಂಟೆ ಎಂದರು. ಪೂವಮ್ಮನ ಗಡಿಯಾರದಲ್ಲಿ ಅರ್ಧ ಗಂಟೆ ಎಂದರೆ ಮುಕ್ಕಾಲು ಗಂಟೆ ಎಂದು ದಮಯಂತಿಗೆ ಬೇಗ ತಿಳಿಯಿತು.

ಜನವರಿಯಲ್ಲಿ ಬಂಗಲೆಯ ಹೆಂಗಸರ ವಾರ್ಡಿಗೆ ಚಲುವಮ್ಮ ಬಂದಳು. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಒಕ್ಕಲಿನವಳು, ಅರವತ್ತು ದಾಟಿದವಳು. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಏಣಿಯಿಂದ ಬಿದ್ದು ತೊಡೆಯ ಮೂಳೆ ಮುರಿದಿತ್ತು. ಕಾಲಿಗೆ ಹಗ್ಗ ಕಟ್ಟಿ, ಹಗ್ಗಕ್ಕೆ ಮರಳಿನ ಚೀಲ ತೂಗಿಸಿ, ಎರಡೂವರೆ ತಿಂಗಳು ಹೀಗೇ ಎಂದು ಡಾಕ್ಟರು ಹೇಳಿದ ದಿನದಿಂದ ಅವಳು ಆ ವಾರ್ಡಿನಲ್ಲಿ ಯಾರಿಗೂ ನೆಮ್ಮದಿ ಕೊಡಲಿಲ್ಲ. ಸೊಸೆಯನ್ನು ಬೈಯುವಳು, ಮರಳಿನ ಚೀಲವನ್ನು ಬೈಯುವಳು, ಬೈಯಲು ಏನೂ ಸಿಗದಿದ್ದರೆ ಸೂರು ನೋಡಿ ನಿಟ್ಟುಸಿರು ಬಿಡುವಳು.

"ಆ ಹೆಂಗಸಿಗೂ ಒಂದು ಪೆಟ್ಟಿಗೆ ಮಾಡಿಕೊಡಿ ಕುಟ್ಟಪ್ಪಣ್ಣ," ಎಂದು ಪೂವಮ್ಮ ಕೇಳಿದಳು. "ಇಲ್ಲದಿದ್ರೆ ನಾನೇ ಮರಳು ಚೀಲ ಬಿಚ್ಚಿ ಓಡಿಸ್ತೇನೆ."

ಕುಟ್ಟಪ್ಪ ಚಲುವಮ್ಮನನ್ನು ಕೇಳಿದ, ಹುಲಿ-ಕುರಿ ಆಟ ಬರುತ್ತದೆಯೇ ಎಂದು.

"ಬರ್ತೈತಾ ಅಂತೀಯಲ್ಲ," ಎಂದಳು ಚಲುವಮ್ಮ. "ನಮ್ಮೂರ ಈಶ್ವರನ ಗುಡಿ ಕಲ್ಲಿನ ಮ್ಯಾಲೆ ನನ್ ಜೊತೆ ಕುಂತ ಗಂಡಸ್ರೆಲ್ಲ ಕುರಿ ಕಳ್ಕೊಂಡ್ ಎದ್ದೋಗವ್ರೆ."

ಕುಟ್ಟಪ್ಪನ ತಲೆಯಲ್ಲಿ ಆಗಲೇ ಬೇರೇನೋ ಓಡುತ್ತಿತ್ತು. ಒಬ್ಬಳಿಗೆ ಆಡಲು ಜನವಿಲ್ಲ, ಇನ್ನೊಬ್ಬಳಿಗೆ ಜನ ಸಾಕಾಗಿದೆ, ನಡುವೆ ಅರವತ್ತು ಗಜ. ಪಕ್ಕದ ಎಸ್ಟೇಟಿನ ಸ್ಟೋರಿನಲ್ಲಿ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಕೇಬಲ್ಲಿನ ಸುರುಳಿಯೊಂದು ಬಿದ್ದಿರುವುದು ಅವನಿಗೆ ಗೊತ್ತಿತ್ತು. ಅಲ್ಲಿ ಲೆಕ್ಕ ಬರೆಯುವ ರೈಟರನ್ನು ಕೇಳಿದರೆ, ಗೆದ್ದಲು ಹತ್ತುವ ಮೊದಲು ಹೊತ್ತುಕೊಂಡು ಹೋಗು ಮಾರಾಯ ಎಂದರು. ಒಂದೇ ಹೊದಿಕೆಯೊಳಗೆ ಇಪ್ಪತ್ತೈದು ಎಳೆಗಳು. ಇಪ್ಪತ್ಮೂರು ಮನೆಗೆ ಇಪ್ಪತ್ಮೂರು, ಕರೆಂಟು ಹೋಗಲು ಒಂದು, ಬರಲು ಒಂದು. ಕುಟ್ಟಪ್ಪ ಬೆರಳು ಮಡಚಿ ಎಣಿಸಿ, ಮತ್ತೊಮ್ಮೆ ಎಣಿಸಿ, ಸುರುಳಿಯನ್ನು ಹೆಗಲಿಗೇರಿಸಿಕೊಂಡ.

ಮೂರನೆಯ ಪೆಟ್ಟಿಗೆ ಒಂದಲ್ಲ, ಎರಡು. ಒಂದು ಇಲ್ಲಿ, ಒಂದು ಅಲ್ಲಿ. ಒಂದೊಂದು ಮನೆಯ ಪಕ್ಕದಲ್ಲೂ ಒಂದು ಮೊಳೆ, ಒಂದು ಪುಟ್ಟ ಬಲ್ಬು. ಇಲ್ಲಿ ಏಳನೆಯ ಮೊಳೆ ಮುಟ್ಟಿದರೆ ಎರಡೂ ಪೆಟ್ಟಿಗೆಗಳಲ್ಲಿ ಏಳನೆಯ ಬಲ್ಬು ಬೆಳಗಬೇಕು. ಎದ್ದ ಮನೆ ಮುಟ್ಟಿ, ಕೂರುವ ಮನೆ ಮುಟ್ಟಿದರೆ, ಆಚೆಯವರು ನೋಡಿಕೊಂಡು ತಮ್ಮ ಹಲಗೆಯಲ್ಲಿ ಆ ಗೂಟ ಸರಿಸಿಕೊಳ್ಳುವುದು. ಕೇಬಲ್ಲನ್ನು ಅಂಗಳದ ಅಂಚಿನಲ್ಲಿ, ಸುಣ್ಣದ ಕಲ್ಲುಗಳ ಕೆಳಗೆ ಹೂತು ತಂದ.

ಮೊದಲ ದಿನ ಅದು ಕೆಲಸ ಮಾಡಲಿಲ್ಲ. ಟಾರ್ಚಿನ ಸೆಲ್ಲುಗಳ ಬಲ ಅರವತ್ತು ಗಜ ಹೋಗುವಷ್ಟರಲ್ಲಿ ಸೊರಗಿ, ಆ ತುದಿಯ ಬಲ್ಬಿನ ತಂತಿ ಆರುತ್ತಿರುವ ಊದುಬತ್ತಿಯ ಹಾಗೆ ಕೆಂಪಗಾಯಿತು ಅಷ್ಟೆ. ಕುಟ್ಟಪ್ಪ ಎರಡು ದಿನ ತಂತಿಯ ಒಂದೊಂದೇ ಜೋಡಣೆ ಬಿಚ್ಚಿ ನೋಡಿದ. ಮೂರನೆಯ ದಿನ ಆಸ್ಪತ್ರೆಯ ಜೀಪಿನ ಹಳೆಯ ಬ್ಯಾಟರಿಯನ್ನು ಚಾರ್ಜ್ ಮಾಡಿ ತಂದು ಜೋಡಿಸಿ, ದಮಯಂತಿಯ ಕೈಗೆ ನಿಬ್ಬು ಕೊಟ್ಟು, ತಾನು ಬಂಗಲೆಯ ಕಡೆಗೆ ನಡೆದ.

ದಮಯಂತಿ ಕಾದಳು. ಕೋಣೆಯಲ್ಲಿ ಅವಳಲ್ಲದೆ ಯಾರೂ ಇರಲಿಲ್ಲ. ಅವಳು ನಿಬ್ಬನ್ನು ಎಲ್ಲಿಗೂ ಮುಟ್ಟಿಸಿರಲಿಲ್ಲ. ಹಾಗಿರುವಾಗ ನಾಲ್ಕನೆಯ ಮನೆಯ ಬಲ್ಬು ತಾನಾಗಿ ಬೆಳಗಿತು.

ಬಲ್ಬು ಆರಿತು, ಮತ್ತೆ ಬೆಳಗಿತು. ಯಾರೋ ಅಲ್ಲಿ ಕಾಯುತ್ತಿದ್ದಾರೆ. ಆರು ತಿಂಗಳಿಂದ ಪೂವಮ್ಮ, ಕುಟ್ಟಪ್ಪ ಬಿಟ್ಟರೆ ಅವಳು ಮುಟ್ಟಿದ್ದನ್ನು ಬೇರೆ ಯಾರೂ ಮನಸಾರೆ ಮುಟ್ಟಿರಲಿಲ್ಲ. ಈಗ ಅವಳು ಹತ್ತನೆಯ ಮೊಳೆಗೆ ನಿಬ್ಬು ಇಟ್ಟ ಕ್ಷಣಕ್ಕೇ ಇನ್ನೊಬ್ಬರ ಹಾಸಿಗೆಯ ಮೇಲೆ ಅದೇ ಹತ್ತನೆಯ ಮನೆ ಬೆಳಗುತ್ತದೆ, ರೋಗ ಮಾತ್ರ ಆ ತಂತಿಯಲ್ಲಿ ಹೋಗುವುದಿಲ್ಲ. ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲು ಹೊತ್ತಿರಲಿಲ್ಲ, ಆ ಕಡೆ ನಾಲ್ಕನೆಯ ಬಲ್ಬು ಮೂರು ಸಲ, ನಾಲ್ಕು ಸಲ ಬಡಿದುಕೊಂಡು ಅವಸರ ಮಾಡುತ್ತಿತ್ತು.

ಚಲುವಮ್ಮ ಹುಲಿ, ದಮಯಂತಿ ಕುರಿ. ಹನ್ನೊಂದು ದಿನ ಬೆಳಿಗ್ಗೆ ಸಂಜೆ ಆಡಿ, ಹನ್ನೊಂದು ದಿನವೂ ದಮಯಂತಿ ಸೋತಳು. ಪೂವಮ್ಮ ಆಚೆಯ ಮಾತನ್ನು ಈಚೆಗೆ ಹೊತ್ತು ತರುತ್ತಿದ್ದಳು.

"ಆ ಟೀಚರಮ್ಮನಿಗೆ ಕುರಿ ಕಾಯ್ಲಿಕ್ಕೆ ಬರೋದಿಲ್ಲ ಅಂತ ಹೇಳ್ತು."

"ಅವರ ಕಾಲು ಹೇಗೆ ಉಂಟು ಕೇಳಿ," ಎನ್ನುತ್ತಿದ್ದಳು ದಮಯಂತಿ.

"ಕಾಲಿನ ಸುದ್ದಿ ಬಿಟ್ಟು ಆರನೇ ಮನೆ ನೋಡ್ಕೊ ಅಂತು."

ಹನ್ನೆರಡನೆಯ ದಿನ ದಮಯಂತಿ ಹುಲಿಯೊಂದನ್ನು ಮೂಲೆಗೆ ಕಟ್ಟಿಹಾಕಿದಳು. ಆಟ ಸೋತಳು, ಆದರೆ ಒಂದು ಹುಲಿ ಅಲುಗಲಿಲ್ಲ. ಆ ಕಡೆಯಿಂದ ತುಂಬ ಹೊತ್ತು ಯಾವ ಬಲ್ಬೂ ಬೆಳಗದೆ, ಆಮೇಲೆ ಇಪ್ಪತ್ಮೂರು ಬಲ್ಬುಗಳೂ ಒಂದಾದಮೇಲೊಂದು ಸರಸರನೆ ಬೆಳಗಿ ಆರಿದವು. ಚಲುವಮ್ಮ ನಿಬ್ಬನ್ನು ಎಲ್ಲ ಮೊಳೆಗಳ ಮೇಲೂ ಎಳೆದಿದ್ದಳು. ಅದು ಶಹಬ್ಬಾಸ್ ಎಂದು ದಮಯಂತಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಅವಳೂ ಹಾಗೇ ಎಳೆದಳು.

ಫೆಬ್ರವರಿಯ ಒಂದು ಸಂಜೆ ಆಟ ವಿಚಿತ್ರವಾಗಿ ನಡೆಯಿತು. ಎದುರಿಗೆ ತಿನ್ನಲು ಕುರಿ ಇದ್ದರೂ ಚಲುವಮ್ಮ ತಿನ್ನಲಿಲ್ಲ. ಮತ್ತೊಂದು ಕುರಿ ಒಂಟಿಯಾಗಿ ಸಿಕ್ಕಿತು, ಅದನ್ನೂ ಬಿಟ್ಟಳು. ಆಮೇಲೆ ಹುಲಿಯನ್ನು ತಾನಾಗಿ ತಂದು ಮೂಲೆಯಲ್ಲಿ ಕೂರಿಸಿದಳು. ಆ ಮುದುಕಿ ಕಣ್ಣು ಮುಚ್ಚಿಕೊಂಡೂ ಹಾಗೆ ಆಡುವವಳಲ್ಲ. ದಮಯಂತಿ ನಿಬ್ಬು ಹಿಡಿದು ಯೋಚಿಸಿದಳು. ನನ್ನನ್ನು ಗೆಲ್ಲಿಸುತ್ತಿದ್ದಾಳೆ. ಇವತ್ತೇ ಯಾಕೆ?

ಕಫದ ಪರೀಕ್ಷೆಯ ಫಲ ಅಂದು ಬರಬೇಕಾಗಿತ್ತು ಎಂಬುದು ಆಗ ನೆನಪಿಗೆ ಬಂತು.

ಪೂವಮ್ಮ ದೀಪ ಹಾಕಲು ಬಂದಾಗ ಅವಳು ನೇರವಾಗಿ ಕೇಳಿದಳು, "ಕಫದಲ್ಲಿ ರೋಗ ಇನ್ನೂ ಉಂಟಲ್ಲ?"

ಪೂವಮ್ಮ ಸ್ವಿಚ್ಚಿನ ಮೇಲಿಂದ ಬೆರಳು ತೆಗೆದಳು. "ನಾಳೆ ಡಾಕ್ಟರೇ ಹೇಳುವವರಿದ್ರು. ಆ ಹೆಂಗಸು ದಿನಾ ನಿನ್ನದೇ ಕೇಳ್ತದೆ. ನನ್ನ ಬಾಯಿ ತಪ್ಪಿ ಬಂತು. ಹೊಸ ಮಾತ್ರೆ ಶುರು ಮಾಡ್ತಾರೆ, ಸೂಜಿಮದ್ದು ಮುಂದುವರಿಸ್ತಾರೆ. ಹೆದರುವಂಥದ್ದಲ್ಲ."

ದಮಯಂತಿ ಹೆದರಿದಳು. ಆದರೆ ಹೆದರಿಕೆಯ ಪಕ್ಕದಲ್ಲೇ ಇನ್ನೊಂದು ಕೂತಿತ್ತು. ಮುಖ ಕಾಣದ ಒಬ್ಬಳು, ಹಗ್ಗಕ್ಕೆ ಕಾಲು ಕಟ್ಟಿಸಿಕೊಂಡವಳು, ತನಗಾಗಿ ಮನಸ್ಸು ನೋಯಿಸಿಕೊಂಡು, ತನ್ನಿಂದಾದದ್ದನ್ನು ಕೊಟ್ಟಿದ್ದಳು. ಹುಲಿಯ ಕೈಯಲ್ಲಿ ಕೊಡುವುದಕ್ಕೆ ಇರುವುದು ಸೋಲೊಂದೇ. ದಮಯಂತಿ ಪೆಟ್ಟಿಗೆಯ ಕಡೆ ತಿರುಗಿ, ಚಲುವಮ್ಮ ಹುಲಿ ಇಟ್ಟ ಮೂಲೆಯ ಮನೆ ಮುಟ್ಟಿ, ಆಮೇಲೆ ಅದು ಎದ್ದು ಬಂದ ಮನೆ ಮುಟ್ಟಿದಳು. ವಾಪಸ್ಸು ಇಡಿ, ಸರಿಯಾಗಿ ಆಡಿ. ಎರಡು ಸಲ ಮುಟ್ಟಬೇಕಾಯಿತು. ಕೊನೆಗೆ ಆ ಕಡೆಯ ಹುಲಿ ಹಿಂದೆ ಬಂದು ಕುರಿಯನ್ನು ನೆಗೆದು ತಿಂದಿತು. ಆ ಸಂಜೆಯ ಆಟವನ್ನೂ ದಮಯಂತಿ ಸೋತಳು, ಸೋತು ತೃಪ್ತಿಯಿಂದ ಮಲಗಿದಳು.

ಕಾಫಿ ಹೂ ಬಿಟ್ಟ ವಾರ ಚಲುವಮ್ಮನ ಹಗ್ಗ ಬಿಚ್ಚಿದರು. ಊರುಗೋಲು ಹಿಡಿದು ನಡೆಯಲು ಕಲಿತು, ಮನೆಗೆ ಹೊರಡುವ ದಿನ, ಅವಳು ಎತ್ತಿನ ಗಾಡಿ ಹತ್ತುವ ಮೊದಲು ಅಂಗಳ ದಾಟಿ ಬಂದಳು. ದಮಯಂತಿಗೆ ಆಗ ವರಾಂಡದ ಕುರ್ಚಿಯಲ್ಲಿ ಕೂರಲು ಅಪ್ಪಣೆ ಸಿಕ್ಕಿತ್ತು. ಅಷ್ಟು ದಿನ ಅವಳು ಮನಸ್ಸಿನಲ್ಲಿ ಕಂಡಿದ್ದದ್ದು ಆಳೆತ್ತರದ, ದಪ್ಪ ದನಿಯ ಹೆಂಗಸನ್ನು. ಬಂದವಳು ಒಣಗಿದ ಪುಟ್ಟ ಮುದುಕಿ. ಸುಣ್ಣದ ಕಲ್ಲುಗಳ ಹತ್ತಿರ ನಿಲ್ಲುವಂತೆ ಪೂವಮ್ಮ ಕೂಗಿ ಹೇಳಿದಳು. ಚಲುವಮ್ಮ ನಿಂತಳು, ಕಲ್ಲನ್ನೊಮ್ಮೆ ನೋಡಿ, ಅದರ ಮೇಲೆಯೇ ಕೂತಳು.

"ನೀನೇ ಏನವ್ವ ದಮಯಂತಿ? ಇಷ್ಟೇ ಇಷ್ಟು ಅದೀಯಲ್ಲ. ನಾನು ಕನ್ನಡಕ ಹಾಕ್ಕಂಡಿರೋ ದೊಡ್ಡ ಟೀಚರಮ್ಮ ಅಂದ್ಕಂಡಿದ್ದೆ."

"ಅವತ್ತು ನೀವು ನನಗೋಸ್ಕರ ಸೋಲಲಿಕ್ಕೆ ಹೋದ್ರಲ್ಲ," ಎಂದಳು ದಮಯಂತಿ. ಎಷ್ಟೋ ದಿನದಿಂದ ಕಟ್ಟಿಟ್ಟುಕೊಂಡಿದ್ದ ಮಾತು. "ಅದನ್ನ ನಾನು ಯಾವತ್ತೂ ಮರೆಯೋದಿಲ್ಲ."

"ಯಾವತ್ತು? ನಾನ್ಯಾಕ್ ಸೋಲ್ಲಿ," ಎಂದಳು ಚಲುವಮ್ಮ. ಸೆರಗಿನಿಂದ ಮುಖ ಒರೆಸಿಕೊಂಡು, "ಮಾತ್ರೆ ಬಿಡ್ಬೇಡ ಕಣವ್ವ. ಉಣ್ಣು," ಎಂದು ಊರುಗೋಲು ಹಿಡಿದು ಎದ್ದಳು.

ಅವಳ ಹಾಸಿಗೆಗೆ ಬೇರೆಯವರು ಬಂದರು. ಪೆಟ್ಟಿಗೆ ಅಲ್ಲೇ ಉಳಿಯಿತು. ಬೇಸಿಗೆಯಲ್ಲಿ ಹೆರಿಗೆಗೆ ಬಂದ ಹೆಂಗಸೊಬ್ಬಳು ಆಡಿದಳು, ಮಳೆಗಾಲದಲ್ಲಿ ಕೈ ಮುರಿದ, ಕಾಫಿ ಪಿಕ್ಕಿಂಗಿನ ಕೂಲಿ ಚಿಕ್ಕಿ ಎಡಗೈಯಲ್ಲಿ ಆಡಿದಳು. ಡಾಕ್ಟರು ಹೇಳಿ ಗಂಡಸರ ವಾರ್ಡಿಗೂ ಒಂದು ತಂತಿ ಎಳೆಸಿದರು. ದಮಯಂತಿಯ ಕಫ ಆಗಸ್ಟಿನಲ್ಲಿ ಶುದ್ಧವಾಯಿತು. ಮೂರು ತಿಂಗಳು ಸತತವಾಗಿ ಶುದ್ಧವಿದ್ದ ಮೇಲೆ, ಡಿಸೆಂಬರಿನಲ್ಲಿ ಡಾಕ್ಟರು ಮನೆಗೆ ಹೋಗಲು ಬರೆದುಕೊಟ್ಟರು.

ಹೊರಡುವ ದಿನ ಪದ್ಮಯ್ಯ ಟ್ರಂಕು ಹೊತ್ತು ರಸ್ತೆಗೆ ಬಂದರು. ಕುಟ್ಟಪ್ಪ ಕೈಗೆ ಹತ್ತಿದ ಎಣ್ಣೆಯನ್ನು ಚಿಂದಿಯಲ್ಲಿ ಒರೆಸಿಕೊಳ್ಳುತ್ತ ಬಸ್ಸಿನವರೆಗೆ ಜೊತೆಗೆ ಬಂದ. ಅವನೇ ಮಾತು ತೆಗೆದ.

"ಮೂರಲ್ಲಿ ನಿಂಗೆ ಯಾವ್ದ್ ಒಳ್ಳೆದಾತ್?"

"ಮೂರನೇದ್," ಎಂದಳು ಅವಳು. ಯೋಚಿಸಬೇಕಾಗಿರಲಿಲ್ಲ.

ಕುಟ್ಟಪ್ಪ ತಲೆ ಅಲ್ಲಾಡಿಸಿದ. ಮೂರನೆಯದರಲ್ಲಿ ಏನಿದೆ, ಬರೀ ತಂತಿ, ತಂತಿಯನ್ನು ಯಾರು ಬೇಕಾದರೂ ಎಳೆಯಬಹುದು, ನಿಜವಾದ ನೆಗೆತ ಎರಡನೆಯದು, ಹಲಗೆಗೆ ಬುದ್ಧಿ ಬಂದದ್ದು ಅದರಲ್ಲಿ ಎಂದು ವಾದಿಸಿದ. ಅವಳು ಒಪ್ಪಲಿಲ್ಲ. ಅವನೂ ಬಿಡಲಿಲ್ಲ. ಪದ್ಮಯ್ಯ ಇಬ್ಬರ ಮುಖವನ್ನೂ ನೋಡುತ್ತ ನಿಂತರು. ಅಷ್ಟರಲ್ಲಿ ಕುಟ್ಟಪ್ಪ ಜೇಬಿನಿಂದ ಖಾಲಿ ಸಿಗರೇಟು ಪೊಟ್ಟಣ ತೆಗೆದು, ಬಿಡಿಸಿ, ಅದರ ಮೇಲೆ ಗೆರೆ ಎಳೆಯತೊಡಗಿದ. ಇಪ್ಪತ್ತೈದು ಎಳೆ ಬೇಡ, ಎರಡೇ ಸಾಕು, ಟೆಲಿಫೋನಿನ ಡಯಲ್ ಒಂದು ಸಿಗಬೇಕು, ಅದು ತಿರುಗಿ ಎಷ್ಟು ಸಲ ಟಿಕ್ ಎನ್ನುತ್ತದೋ ಅಷ್ಟನೆಯ ಮನೆಯ ಬಲ್ಬು ಆ ಕಡೆ ಬೆಳಗಬೇಕು. ಎರಡೇ ಎಳೆ ಎಂದಮೇಲೆ ಆಸ್ಪತ್ರೆಯ ಅಂಗಳದಲ್ಲೇ ನಿಲ್ಲಬೇಕೆಂದಿಲ್ಲ. ಇಲ್ಲಿಂದ ಮಡಿಕೇರಿಗೆ, ಮಡಿಕೇರಿಯಿಂದ ಕುಶಾಲನಗರಕ್ಕೆ ಎನ್ನುತ್ತ ಪೊಟ್ಟಣವನ್ನು ನೋಡಲು ಅವಳ ಕೈಗೆ ಕೊಟ್ಟ.

ಬಸ್ಸು ಬಂದು ಹಾರ್ನ್ ಹಾಕಿತು. ದಮಯಂತಿ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

"ಕುಟ್ಟಪ್ಪಣ್ಣ, ನಿಮಗೆ ನಾ ಏನ್ ಹೇಳಿಕೆ..."

"ಏನೂ ಹೇಳಿಕೆ ಬೇಡ. ನಾಲ್ಕನೇದ್ ಆದಾಗ ಕಾಗದ ಹಾಕ್ನೆ."

"ಹಾಕಿ. ಅದರ ನೋಡಿಕೆ ನಾ ಬನ್ನೆ."

ಬಸ್ಸು ಹೊರಟ ಮೇಲೆ ನೋಡಿದರೆ ಸಿಗರೇಟು ಪೊಟ್ಟಣ ಅವಳ ಕೈಯಲ್ಲೇ ಉಳಿದಿತ್ತು. ಅದರ ಗೆರೆಗಳು ಅವಳಿಗೆ ಅರ್ಧವೂ ಅರ್ಥವಾಗಿರಲಿಲ್ಲ. ಆದರೂ ಪಕ್ಕದಲ್ಲಿ, ಹೆಗಲಿಗೆ ಹೆಗಲು ತಾಗಿಸಿ ಕೂತಿದ್ದ ತಂದೆಗೆ ಮಡಿಕೇರಿ ಮುಟ್ಟುವವರೆಗೂ ಅದನ್ನು ವಿವರಿಸುತ್ತ ಹೋದಳು.